ಜಿನೆಕ್ ಕೊಲ್ಲಿಯಲ್ಲಿ ಹಲ್ಲು ಕಾದದ್ದು

ಬೆಟ್ಟವಿಲ್ಲದ ನಮ್ಮ ಲಿಫೂ ದ್ವೀಪಕ್ಕೆ
ಹಡಗು ಬಂದ ದಿನ ಒಂದು ಬೆಟ್ಟ ಹುಟ್ಟುತ್ತದೆ.
ಬಿಳಿ ಬೆಟ್ಟ, ಹನ್ನೆರಡು ಅಂತಸ್ತು,
ಸಂಜೆ ನಾಲ್ಕಕ್ಕೆ ಎದ್ದು ಹೋಗುವಂಥದ್ದು.

ನಾನು ಪೊಹ್ನಿಮೆ. ಮೆಟ್ಟಿಲ ತಲೆಯಲ್ಲಿ ಕೂತು
ಮಾಸ್ಕು ಬಾಡಿಗೆಗೆ ಕೊಡುವವಳು.
ಇಪ್ಪತ್ತನಾಲ್ಕು ಮಾಸ್ಕು, ಇಪ್ಪತ್ತನಾಲ್ಕು ಉಸಿರುಕೊಳವೆ,
ಎಡಬಲ ಬೆರೆತುಹೋದ ರಬ್ಬರು ಪಾದಗಳು.
ಮೊದಲು ದುಡ್ಡು, ಆಮೇಲೆ ಪಾಠ:
ಹವಳ ಮೆಟ್ಟಬೇಡಿ. ಮೀನಿಗೆ ಬ್ರೆಡ್ಡು ಹಾಕಬೇಡಿ.
ಗಾಜಿಗೆ ಉಗುಳಿ, ಬೆರಳಲ್ಲಿ ಉಜ್ಜಿ, ತೊಳೆಯಿರಿ,
ಮಂಜು ಕಟ್ಟುವುದಿಲ್ಲ.
"ಉಗುಳುವುದೇ?" ಎಂದು ಮುಖ ಸಿಂಡರಿಸಿದವರೇ
ಐದು ನಿಮಿಷಕ್ಕೆ ಕುರುಡರಾಗಿ ಮರಳುತ್ತಾರೆ,
ಮರದ ಮರೆಗೆ ಹೋಗಿ ಉಗುಳುತ್ತಾರೆ.

ಆತ ಬಂದದ್ದು ಹೊತ್ತು ವಾಲಿದ ಮೇಲೆ, ಮಗಳ ತೋಳು ಹಿಡಿದು.
ಆಸ್ಟ್ರೇಲಿಯಾದ ಒಳಗೆಲ್ಲೋ, ಗೋಧಿ ಬೆಳೆಯುವ ಊರು;
ನಲವತ್ತು ವರ್ಷ ತೂಕದ ಕಟ್ಟೆಯಲ್ಲಿ ಕೂತು
ಲಾರಿಗಳ ಭಾರ ಬರೆದುಕೊಂಡಿದ್ದನಂತೆ.
ಕೊಳವೆ ಕಚ್ಚಿ ನೋಡಿದ. ಮೇಲಿನ ಸಾಲು ಜಾರಿತು.
ಮತ್ತೆ ಕಚ್ಚಿದ. ಮತ್ತೆ ಜಾರಿತು.
ಮಗಳು ಅತ್ತ ತಿರುಗಿ ಕ್ರೀಮು ಹಚ್ಚಿಕೊಳ್ಳುತ್ತಿದ್ದಾಗ
ಆ ಸಾಲನ್ನೇ ತೆಗೆದು, ಕರವಸ್ತ್ರದಲ್ಲಿ ಸುತ್ತಿ,
ನನ್ನ ಅಂಗೈಗಿಟ್ಟು, ಬೆರಳು ಮಡಿಸಿದ.
ಬೆಚ್ಚಗಿತ್ತು, ಈಗಷ್ಟೆ ಇಟ್ಟ ಮೊಟ್ಟೆಯ ಹಾಗೆ.

ಹಲ್ಲಿದ್ದ ಕಾಲಕ್ಕೆ ಕಡಲಿರಲಿಲ್ಲ ಅವನಿಗೆ,
ಕಡಲು ಸಿಕ್ಕ ಹೊತ್ತಿಗೆ ಹಲ್ಲಿಲ್ಲ.
ಒಸಡಿನಲ್ಲೇ ಕಚ್ಚಿಕೊಂಡು ಇಳಿದ.

ಮೇಲಿನಿಂದ ಕಂಡದ್ದು ಬಿಳಿಚಿದ ಬೆನ್ನು, ನೆಟ್ಟಗೆ ನಿಂತ ಕೊಳವೆ.
ಒಂದೇ ಕಡೆ, ಕಾಲು ಬಡಿಯದೆ, ಅಷ್ಟು ಹೊತ್ತು.
ಜೀವ ಇದೆಯೋ ಇಲ್ಲವೋ ಎಂದು
ಕೊಳವೆಯ ಬಾಯನ್ನೇ ನೋಡುತ್ತಿದ್ದೆ.
ಫುಸ್ ಎಂದು ನೀರು ಚಿಮ್ಮಿತು. ಇದೆ.

ಹತ್ತಿ ಬಂದಾಗ ಮೂಗಿನ ಸುತ್ತ ಕೆಂಪು ಬಳೆ.
ಏನೋ ಹೇಳಿದ. ಅವನದು ಹಲ್ಲಿಲ್ಲದ ಇಂಗ್ಲಿಷು, ನನ್ನದು ಅರೆಬೆಂದದ್ದು,
ನಡುವೆ ಗಾಳಿಯಷ್ಟೆ ದಾಟಿತು.
ಕಿವಿ ಮುಟ್ಟಿ ತೋರಿಸಿದ. ಬೆರಳ ಗೆಣ್ಣಿನಿಂದ
ನನ್ನ ಮೇಜು ಕುಟ್ಟಿದ:
ಕಟ್. ಕಟ್. ಕಟಕಟ.

ಓ, ಗಿಣಿಮೀನು!
ಕೊಕ್ಕಿನಂಥ ಹಲ್ಲಲ್ಲಿ ಹವಳ ಕಡಿದು, ಅರೆದು,
ಬಾಲದ ಬುಡದಿಂದ ಬಿಳಿ ಮರಳಾಗಿ ಬಿಡುವವು.
ನೀವು ಟವೆಲು ಹಾಸಿ ಮಲಗಿದ್ದು ಅದರ ಮೇಲೆಯೇ ಎಂದು
ಯಾರಿಗೂ ನಾನು ಹೇಳುವುದಿಲ್ಲ.
ಅವನಿಗೆ ಹೇಳಿದೆ, ಕೈಸನ್ನೆಯಲ್ಲಿ, ಕೊಂಚ ನಾಚಿಕೆಯಲ್ಲಿ.
ಬೋಳು ಬಾಯಿ ಪೂರ್ತಿ ತೆರೆದು ನಕ್ಕ.
ನಾನು ಹೇಳಿಕೊಟ್ಟಿದ್ದ "ಓಲೆತಿ", ನಮ್ಮ ಧನ್ಯವಾದ,
ಅವನ ಬಾಯಲ್ಲಿ "ಓಲೆಹಿ" ಆಯಿತು.

ಅಷ್ಟರಲ್ಲಿ ಹಡಗು ಕೂಗಿತು. ಮಗಳೂ ಕೂಗಿದಳು.
ಕೊನೆಯ ದೋಣಿ, ಟೋಪಿ, ಒದ್ದೆ ಚಪ್ಪಲಿ, ಅವಸರ.
ಮಾಸ್ಕು ಎಣಿಸಿದೆ: ಇಪ್ಪತ್ತನಾಲ್ಕು. ಸರಿ.
ನಿಲುವಂಗಿಯ ಜೇಬಿಗೆ ಕೈ ಹಾಕಿದರೆ
ಕರವಸ್ತ್ರ.

"ದ್ರಿಲೆ!" ಎಂದು ಅಕ್ಕನ ಮಗನನ್ನು ಕೂಗಿದ್ದು
ಗುಡ್ಡೆಯ ಮೇಲಿನ ಚರ್ಚಿಗೂ ಕೇಳಿತಂತೆ.
ಮೀನಿನ ದೋಣಿ, ಮುದಿ ಎಂಜಿನ್ನು,
ಮೂರನೇ ಎಳೆತಕ್ಕೆ ಕೆಮ್ಮಿ ಹೊರಟಿತು.
ಬೆಟ್ಟ ಆಗಲೇ ಮಗ್ಗುಲು ತಿರುಗುತ್ತಿತ್ತು.

ಕತ್ತಲಾದ ಮೇಲೆ ಮರಳಿದ.
ಯಾರೋ ಹಗ್ಗ ಕಟ್ಟಿ ಬಕೆಟು ಇಳಿಸಿದರಂತೆ,
ಇವನು ಹಲ್ಲಿಟ್ಟನಂತೆ, ಬಕೆಟು ಏರಿತಂತೆ.
"ಸರಿಯಾದ ಮುದುಕನಿಗೇ ಸೇರಿತೇನೋ?"
"ಅದು ನನಗೇನು ಗೊತ್ತು ಚಿಕ್ಕಮ್ಮ,
ಹನ್ನೆರಡು ಅಂತಸ್ತು, ಎಲ್ಲ ಮುದುಕರೇ."

ಮರುದಿನ ಹಡಗಿಲ್ಲ, ಗಿರಾಕಿಯಿಲ್ಲ.
ಅವನು ಹಾಕಿದ್ದ ಹದಿನೇಳನೇ ಮಾಸ್ಕಿಗೆ ಉಗುಳಿ, ಉಜ್ಜಿ, ತೊಳೆದೆ.
ಐವತ್ತೊಂದು ವರ್ಷ ಈ ದಡದಲ್ಲಿ
ಹೊಟ್ಟೆಗಾಗಿ ಮುಳುಗಿದ್ದೇನೆ, ಪಂದ್ಯಕ್ಕಾಗಿ ಮುಳುಗಿದ್ದೇನೆ.
ಈ ಸಲ ಕಿವಿಗಾಗಿ.

ಕಟ್. ಕಟಕಟ.
ಯಾರೋ ಅವಸರವಿಲ್ಲದೆ
ನಾಳೆಯ ದಡವನ್ನು ಅಗಿಯುತ್ತಿದ್ದರು.
ಕೊಳವೆ ಕಚ್ಚಿಕೊಂಡೇ ನಕ್ಕೆ.
ಉಪ್ಪುನೀರು ಒಳನುಗ್ಗಿತು.